ಬೇಡದ ಸೌಲಭ್ಯಕ್ಕೆ ಸ್ವಿಚ್, ಕರ್ನಲ್ ಮೆಮೊರಿಗೆ ಉಳಿತಾಯ: ಲಿನಕ್ಸ್ ಆಡಿಯೊ ಡ್ರೈವರ್ ಹಗುರ ಮಾಡುವ ಸಮಗ್ರ ಮಾರ್ಗದರ್ಶಿ

ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಯ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಕೇಳಿಬರುವ ಪ್ರಶ್ನೆ ಒಂದೇ: ಆನೆ ಎಲ್ಲಿದೆ? ಆನೆ ಯಾವ ಬ್ಲಾಕಿನಲ್ಲಿದೆ ಎಂಬುದನ್ನು ಕಾರ್ಮಿಕರ ಲೈನ್ ಮನೆಗಳಿಗೆ ಧ್ವನಿವರ್ಧಕದಲ್ಲಿ ತಿಳಿಸುವ ಪೆಟ್ಟಿಗೆಯೊಂದನ್ನು ನಾವು ಕೆಲವರು ಸೇರಿ ಕಟ್ಟುತ್ತಿದ್ದೇವೆ. ಮೊದಲೇ ದಾಖಲಿಸಿಟ್ಟ ಮಾತುಗಳು, ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಮಲಯಾಳ ಮತ್ತು ತಮಿಳಿನಲ್ಲಿ. ಒಳಗೆ 64 ಎಂಬಿ ರ್‍ಯಾಮ್‌ನ ಆರ್ಮ್ ಬೋರ್ಡ್, ಅದಕ್ಕೆ ಐ2ಎಸ್ (ಡಿಜಿಟಲ್ ಧ್ವನಿ ಸಾಗಿಸುವ ಸಂಪರ್ಕ) ತಂತಿಯಲ್ಲಿ ಕೂಡಿಸಿದ ಡಿಜಿಟಲ್ ಆಂಪ್ಲಿಫೈಯರ್, ಕೊನೆಯಲ್ಲಿ ಹಾರ್ನ್ ಸ್ಪೀಕರ್. ಈ ದರ್ಜೆಯ ಬೋರ್ಡ್‌ಗಳು ಅಗ್ಗ, ವಿದ್ಯುತ್ ಹೀರುವುದೂ ಕಡಿಮೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿಯ ಮೇಲೆಯೇ ದಿನ ದೂಡಬೇಕಾದ ಊರಿಗೆ ಇವೇ ಸರಿ.

ಆದರೆ 64 ಎಂಬಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್, ಮೊಬೈಲ್ ಮೋಡೆಮ್‌ನ ಸೇವೆ, ಧ್ವನಿ ಕಡತಗಳು, ಲಾಗ್ ಎಲ್ಲವೂ ಇರಬೇಕು. ಮೆಮೊರಿ ಮುಗಿದಾಗ ಕರ್ನಲ್ ಯಾವುದೋ ಒಂದು ಪ್ರೋಗ್ರಾಂ ಅನ್ನು ಕೊಲ್ಲುತ್ತದೆ. ಅದು ಧ್ವನಿ ನುಡಿಸುವ ಪ್ರೋಗ್ರಾಂ ಆಗಿದ್ದರೆ ಎಚ್ಚರಿಕೆ ಯಾರ ಕಿವಿಗೂ ಬೀಳುವುದಿಲ್ಲ. ಹಾಗಾಗಿ ಧ್ವನಿಯ ಚಿಪ್ ನಡೆಸುವ ಆಡಿಯೊ ಡ್ರೈವರ್‌ನಲ್ಲಿ ನಮಗೆ ಬೇಡವಾದುದನ್ನು ತೆಗೆಯುವುದು ನಮಗೆ ಗಂಭೀರ ಕೆಲಸ. ತೆಗೆಯುವುದೆಂದರೆ ಅಳಿಸಿ ಹಾಕುವುದಲ್ಲ. ನಮಗೆ ಬೇಡವಾದದ್ದು ಪಕ್ಕದ ತೋಟದ ಪೆಟ್ಟಿಗೆಗೆ ಬೇಕಾಗಬಹುದು. ಆದ್ದರಿಂದ ಕೋಡ್ ಅಲ್ಲಿಯೇ ಇರಬೇಕು, ಕರ್ನಲ್ ಕಟ್ಟುವಾಗ ಸೇರಿಸಬೇಕೋ ಬಿಡಬೇಕೋ ಎಂದು ಕೇಳುವ ಆಯ್ಕೆ ಇರಬೇಕು. ಅದನ್ನು ಸರಿಯಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಸಿ ಭಾಷೆ ಬರುವ, ಒಮ್ಮೆಯಾದರೂ ಸ್ವಂತವಾಗಿ ಕರ್ನಲ್ ಕಂಪೈಲ್ ಮಾಡಿರುವ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕುಶಾಲನಗರ, ಪೊನ್ನಂಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಎಟುಕದ ಕೆಲಸವಲ್ಲ. ಕಮಾಂಡ್ ಮತ್ತು ಆಯ್ಕೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಅಳತೆ

ಅಳೆಯದೆ ಕತ್ತರಿ ಹಿಡಿಯಬೇಡಿ. ಆಡಿಯೊಗೆ ಹೋಗುವ ಮೆಮೊರಿ ಎರಡು ಬಗೆಯದು. ಕೋಡ್ ಮತ್ತು ಅದರ ಸ್ಥಿರ ದತ್ತಾಂಶ ಮೊದಲನೆಯದು. ಡ್ರೈವರ್ ಓಡುವಾಗ ಕೇಳಿ ಪಡೆಯುವ ಬಫರ್‌ಗಳು (ಧ್ವನಿಯನ್ನು ತಾತ್ಕಾಲಿಕವಾಗಿ ಇಡುವ ಜಾಗಗಳು) ಎರಡನೆಯದು. ಹೆಚ್ಚಿನವರು ಮೊದಲನೆಯದರ ಬೆನ್ನು ಹತ್ತುತ್ತಾರೆ, ಆದರೆ ದೊಡ್ಡ ಗಂಟು ಬಹಳ ಸಲ ಎರಡನೆಯದರಲ್ಲಿ ಇರುತ್ತದೆ.

ಕೋಡ್ ಅಳೆಯಲು ‘ಸೈಜ್’ ಕಮಾಂಡ್ ಸಾಕು. ಕಟ್ಟಿದ ಕರ್ನಲ್ ಇರುವ ವಿಎಂಲಿನಕ್ಸ್ ಕಡತಕ್ಕೂ ಸೌಂಡ್ ಡೈರೆಕ್ಟರಿಯ ಪ್ರತಿ ಮಾಡ್ಯೂಲ್‌ಗೂ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡು) ಅದನ್ನು ಓಡಿಸಿ, ಟೆಕ್ಸ್ಟ್, ಡೇಟಾ, ಬಿಎಸ್‌ಎಸ್ ಎಂಬ ಮೂರು ಅಂಕಣಗಳನ್ನು ಬರೆದಿಟ್ಟುಕೊಳ್ಳಿ. ‘ಇನಿಟ್’ ಎಂದು ಗುರುತಾದ ಕೋಡ್ ಬೂಟ್ ಆದ ಮೇಲೆ ಬಿಡುಗಡೆಯಾಗುತ್ತದೆ. ಸೈಜ್ ಅದನ್ನೂ ಕೂಡಿಸಿ ತೋರಿಸುವುದರಿಂದ, ಅಲ್ಲಿ ಮಾಡಿದ ಉಳಿತಾಯ ಓಡುವ ಯಂತ್ರದಲ್ಲಿ ಸಿಗುವುದಿಲ್ಲ. ಬೋರ್ಡ್‌ನಲ್ಲಿ ಕರ್ನಲ್‌ನ ಸ್ಥಿತಿ ತೋರಿಸುವ ಪ್ರಾಕ್ ಡೈರೆಕ್ಟರಿಯ ಮೆಮ್‌ಇನ್ಫೊ ನೋಡುವಾಗಲೂ ಜಾಗ್ರತೆ ಬೇಕು. ಕರ್ನಲ್ ಒಳಗೇ ಬೆಸೆದ ಕೋಡ್ ಕುಗ್ಗಿದರೆ ‘ಮೆಮ್‌ಟೋಟಲ್’ ಹೆಚ್ಚುತ್ತದೆ. ಮಾಡ್ಯೂಲ್ ಕುಗ್ಗಿದರೆ ಅದು ಅಲುಗುವುದಿಲ್ಲ, ‘ಮೆಮ್‌ಅವೈಲಬಲ್’ ಮಾತ್ರ ಬದಲಾಗುತ್ತದೆ.

ಈಗ ಬಫರ್‌ಗಳ ಕಡೆ ಬನ್ನಿ. ಪ್ರಾಕ್ ಅಡಿಯಲ್ಲಿ ಎಸೌಂಡ್, ಅದರೊಳಗೆ ಕಾರ್ಡ್0, ಪಿಸಿಎಂ0ಪಿ, ಸಬ್0 ಎಂದು ಇಳಿದರೆ ‘ಪ್ರಿಅಲಾಕ್’ ಎಂಬ ಕಡತ ಸಿಗುತ್ತದೆ. ಅದರಲ್ಲಿರುವ ಸಂಖ್ಯೆ ಕಿಲೋಬೈಟ್‌ಗಳಲ್ಲಿ. ಐ2ಎಸ್ ಇರುವ ಅನೇಕ ಬೋರ್ಡ್‌ಗಳು ಡಿಎಂಎ (ಸಿಪಿಯು ನೆರವಿಲ್ಲದೆ ಮೆಮೊರಿಯಿಂದ ದತ್ತಾಂಶ ಸಾಗಿಸುವ ಏರ್ಪಾಡು) ಎಂಜಿನ್‌ನ ಸಾಮಾನ್ಯ ಪಿಸಿಎಂ (ಡಿಜಿಟಲ್ ಧ್ವನಿ) ಕೋಡ್ ಬಳಸುತ್ತವೆ. ಡ್ರೈವರ್ ಬೇರೆ ಗಾತ್ರ ಹೇಳದಿದ್ದರೆ ಆ ಕೋಡ್ ಪ್ರತಿ ಸ್ಟ್ರೀಮ್‌ಗೆ 512 ಕೆಬಿ ಮೊದಲೇ ಹಿಡಿದಿಡುತ್ತದೆ: ಪ್ಲೇಬ್ಯಾಕ್‌ಗೊಂದು, ರೆಕಾರ್ಡಿಂಗ್ ಇದ್ದರೆ ಅದಕ್ಕೊಂದು. ಎರಡೂ ಸೇರಿ 1 ಎಂಬಿ! ಒಂದು ಸಾಲು ಕೋಡ್ ಮುಟ್ಟದೆ ಇದನ್ನು ಇಳಿಸಬಹುದು. ಬೂಟ್ ಕಮಾಂಡ್ ಸಾಲಿನಲ್ಲಿ ಎಸ್‌ಎನ್‌ಡಿ ಸೋಕ್ ಕೋರ್ ಮಾಡ್ಯೂಲ್‌ನ ‘ಪ್ರಿಅಲಾಕ್ ಬಫರ್ ಸೈಜ್ ಕೆಬೈಟ್ಸ್’ ಪ್ಯಾರಾಮೀಟರ್‌ಗೆ 64 ಕೊಡಿ. 48,000 ಹರ್ಟ್ಜ್, 16 ಬಿಟ್, ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 1,92,000 ಬೈಟ್ ಬೇಕು. 64 ಕೆಬಿ ಎಂದರೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಧ್ವನಿ. 16,000 ಹರ್ಟ್ಜ್‌ನ ಏಕ ಚಾನೆಲ್ ಮಾತಿಗೆ ಅದೇ 64 ಕೆಬಿ ಎರಡು ಸೆಕೆಂಡಿಗೆ ಸಾಕು. ಪ್ರಕಟಣೆಗೆ ಇದು ಧಾರಾಳ.

ಸೊನ್ನೆಗೆ ಮಾತ್ರ ಇಳಿಸಬೇಡಿ. ವಾರಗಟ್ಟಲೆ ಓಡಿದ ಮೇಲೆ ಮೆಮೊರಿ ಚೂರುಚೂರಾಗಿರುತ್ತದೆ. ಡಿಎಂಎಗೆ ಬೇಕಾದ ಅಖಂಡ ತುಂಡು ಆಗ ಸಿಗದೇ ಹೋಗಬಹುದು. ಮೊದಲೇ ಹಿಡಿದಿಟ್ಟ ಬಫರ್ ಇರುವುದು ಈ ಅಪಾಯ ತಪ್ಪಿಸುವುದಕ್ಕೇ.

ಈಗಾಗಲೇ ಇರುವ ಸ್ವಿಚ್‌ಗಳು

ಹೊಸದನ್ನು ಬರೆಯುವ ಮುನ್ನ ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾದಲ್ಲಿ ಇರುವ ಆಯ್ಕೆಗಳನ್ನು ಬಳಸಿ. ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಸೌಂಡ್ ವಿಭಾಗ ತೆರೆದು ಹಳೆಯ ಓಎಸ್‌ಎಸ್ (ಆಲ್ಸಾಗೆ ಮುಂಚಿನ ಧ್ವನಿ ವ್ಯವಸ್ಥೆ) ಅನುಕರಣೆ, ಮಿಡಿ ಸಂಗೀತ ಸಂಕೇತಗಳಿಗಾಗಿ ಇರುವ ಸೀಕ್ವೆನ್ಸರ್, ಹಳೆಯ ಎಪಿಐ ಬೆಂಬಲ, ಡಿಬಗ್ ಸಂದೇಶಗಳು ಇವನ್ನು ಮೊದಲು ಆಫ್ ಮಾಡಿ. ಮಾತು ನುಡಿಸುವ ಪೆಟ್ಟಿಗೆಗೆ ಇವು ಯಾವುವೂ ಬೇಡ. ಇನ್ನು ಕೆಲವು ಆಯ್ಕೆಗಳು ‘ಎಕ್ಸ್‌ಪರ್ಟ್’ ಹಾಕಿದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಮೂರು ಮುಖ್ಯ.

2015ರಲ್ಲಿ ಸೇರಿದ ‘ಪಿಸಿಎಂ ಟೈಮರ್’ ಆಯ್ಕೆ ಆಫ್ ಮಾಡಿದರೆ ಎಕ್ಸ್86-64 ಯಂತ್ರದಲ್ಲಿ ಸುಮಾರು 20 ಕೆಬಿ ಉಳಿಯುತ್ತದೆ ಎಂದು ಅದರ ಸಹಾಯ ಪಠ್ಯವೇ ಹೇಳುತ್ತದೆ. ಅದೇ ವರ್ಷ ಬಂದ ‘ಸೌಂಡ್ ಪ್ರಾಕ್ ಎಫ್‌ಎಸ್’ ಸುಮಾರು 9 ಕೆಬಿ. ಮೂರನೆಯದು 2022ರ ‘ಕಂಟ್ರೋಲ್ ಫಾಸ್ಟ್ ಲುಕಪ್’: ಕಂಟ್ರೋಲ್‌ಗಳನ್ನು (ವಾಲ್ಯೂಮ್‌ನಂಥ ಹೊಂದಿಸುವ ಗುಂಡಿಗಳನ್ನು) ಬೇಗ ಹುಡುಕಲು ಎಕ್ಸ್‌ಅರೇ ಎಂಬ ರಚನೆ ಇಡುತ್ತದೆ, ಅದಕ್ಕೆ ಹೆಚ್ಚುವರಿ ಮೆಮೊರಿ ತೆರುತ್ತದೆ. ಹತ್ತಿಪ್ಪತ್ತು ಕಂಟ್ರೋಲ್ ಇರುವ ಸಣ್ಣ ಕಾರ್ಡ್‌ಗೆ ಈ ವೇಗದ ಅಗತ್ಯವಿಲ್ಲ.

ಪ್ರತಿಯೊಂದಕ್ಕೂ ತೆರಬೇಕಾದ ಬೆಲೆ ಇದೆ. ಪಿಸಿಎಂ ಟೈಮರ್ ಆಫ್ ಮಾಡಿದರೆ ಹಲವು ಪ್ರೋಗ್ರಾಂಗಳಿಗೆ ಧ್ವನಿ ಸಾಧನ ಹಂಚಿಕೊಡುವ ಆಲ್ಸಾ ಲೈಬ್ರರಿಯ ಡಿಮಿಕ್ಸ್, ಡಿಸ್ನೂಪ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಎರಡು ಪ್ರೋಗ್ರಾಂಗಳು ಒಟ್ಟಿಗೆ ಧ್ವನಿ ಹೊರಡಿಸಬೇಕಾದ ಪೆಟ್ಟಿಗೆಯಲ್ಲಿ ಅದನ್ನು ಮುಟ್ಟಬೇಡಿ. ಸೀಕ್ವೆನ್ಸರ್ ಉಳಿಸಿಕೊಂಡು ಪಿಸಿಎಂ ಟೈಮರ್ ಆಫ್ ಮಾಡಿದರೆ ಲಾಭ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಸೀಕ್ವೆನ್ಸರ್ ತನ್ನ ಪಾಲಿಗೆ ಟೈಮರ್ ಮಾಡ್ಯೂಲ್ ಅನ್ನು ಎಳೆದು ತರುತ್ತದೆ. ಪ್ರಾಕ್ ಎಫ್‌ಎಸ್ ಆಫ್ ಮಾಡಿದರೆ ಎಸೌಂಡ್ ಡೈರೆಕ್ಟರಿಯೇ ಮಾಯ. ಧ್ವನಿ ನುಡಿಸುವ ಕಮಾಂಡ್ ‘ಎಪ್ಲೇ’ಯ ಕಾರ್ಡ್ ಪಟ್ಟಿ ಕಂಟ್ರೋಲ್ ಸಾಧನದ ಮೂಲಕ ಬರುವುದರಿಂದ ಅದಕ್ಕೆ ತೊಂದರೆಯಿಲ್ಲ, ಎಸೌಂಡ್ ಕಡತಗಳನ್ನು ಓದುವ ನಿಮ್ಮ ಶೆಲ್ ಸ್ಕ್ರಿಪ್ಟ್‌ಗಳು ಮಾತ್ರ ಮುರಿಯುತ್ತವೆ. ಪ್ರಿಅಲಾಕ್ ಕಡತವೂ ಅಲ್ಲಿಯೇ ಇರುವುದರಿಂದ ಬಫರ್ ಅಳೆದು ಮುಗಿಯುವವರೆಗೆ ಈ ಆಯ್ಕೆಯನ್ನು ಉಳಿಸಿಕೊಳ್ಳಿ, ಕೊನೆಗೆ ಆಫ್ ಮಾಡಿ.

ಎಲ್ಲಿ ಗೆರೆ ಎಳೆಯಬೇಕು

ಇಷ್ಟಾದ ಮೇಲೂ ಡ್ರೈವರ್ ದಪ್ಪವಾಗಿದ್ದರೆ ನಿಮ್ಮದೇ ಆಯ್ಕೆ ಬರೆಯುವ ಕಾಲ ಬಂದಿದೆ. ಉದಾಹರಣೆಗೆ, ಡಿಜಿಟಲ್ ಆಂಪ್ಲಿಫೈಯರ್ ಡ್ರೈವರ್‌ನಲ್ಲಿ ಈಕ್ವಲೈಸರ್ (ಧ್ವನಿಯ ಕಂಪನಾಂಕಗಳನ್ನು ಏರಿಳಿಸುವ ಸೌಲಭ್ಯ) ಇದೆ ಎಂದುಕೊಳ್ಳಿ. ಗುಣಾಂಕಗಳ ಉದ್ದುದ್ದ ಕೋಷ್ಟಕಗಳು, ಪ್ರತಿ ಬ್ಯಾಂಡ್‌ಗೆ ಒಂದು ಮಿಕ್ಸರ್ ಕಂಟ್ರೋಲ್, ಅವನ್ನು ಚಿಪ್‌ಗೆ ಬರೆಯುವ ಫಂಕ್ಷನ್‌ಗಳು. ಕಾರ್ಡ್ ನೋಂದಣಿಯಾಗುವಾಗ ಪ್ರತಿ ಕಂಟ್ರೋಲ್‌ಗೂ ಕರ್ನಲ್ ಪ್ರತ್ಯೇಕ ಮೆಮೊರಿ ಪಡೆಯುವುದರಿಂದ ಇಲ್ಲಿ ಕೋಡ್ ಜೊತೆಗೆ ಓಡುವ ಕಾಲದ ಉಳಿತಾಯವೂ ಇದೆ.

ಈಕ್ವಲೈಸರ್ ಬೇಡ ಎಂದು ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಬೇಡಿ. ಶೀಟ್ ಹೊದಿಸಿದ ಲೈನ್ ಮನೆಯ ಮೇಲೆ ಜುಲೈ ಮಳೆ ಬಡಿಯುವಾಗ ಮಾತು ಅರ್ಥವಾಗಬೇಕಾದರೆ ಕೆಳಗಿನ ಕಂಪನಾಂಕಗಳನ್ನು ಕತ್ತರಿಸಿ ಮಧ್ಯದವನ್ನು ಎತ್ತಲೇಬೇಕು. ನಮ್ಮ ಪೆಟ್ಟಿಗೆ ನುಡಿಸುವುದು ದಾಖಲಿಸಿದ ಕಡತಗಳನ್ನು ಮಾತ್ರ. ಆದ್ದರಿಂದ ಆ ಸೋಸುವಿಕೆಯನ್ನು ಲ್ಯಾಪ್‌ಟಾಪ್‌ನಲ್ಲಿಯೇ ಮುಗಿಸಿ ಕಡತಗಳಿಗೆ ಅಳವಡಿಸಿದ್ದೇವೆ, ಡ್ರೈವರ್‌ನ ಈಕ್ವಲೈಸರ್ ನಮಗೆ ಬೇಕಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಮೈಕ್ ಹಿಡಿದು ನೇರವಾಗಿ ಮಾತನಾಡುವ ಪೆಟ್ಟಿಗೆಗೆ ಅದೇ ಈಕ್ವಲೈಸರ್ ಬೇಕೇ ಬೇಕು. ಒಂದೇ ಡ್ರೈವರ್, ಎರಡು ಪೆಟ್ಟಿಗೆ, ಎರಡು ಉತ್ತರ. ಆಯ್ಕೆಯಾಗಿಸಲು ತಕ್ಕ ಸೌಲಭ್ಯ ಎಂದರೆ ಇಂಥದ್ದು. ಅದು ಇಲ್ಲದೆಯೂ ಧ್ವನಿ ಹೊರಡಬೇಕು, ಮತ್ತು ಅದಿಲ್ಲದೆ ಬದುಕಬಲ್ಲ ನಿಜವಾದ ಸಾಧನ ಒಂದಾದರೂ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆಯ್ಕೆ ಸೇರಿಸಬೇಡಿ. ಪ್ರತಿ ಹೊಸ ಆಯ್ಕೆ ಪರೀಕ್ಷಿಸಬೇಕಾದ ಜೋಡಣೆಗಳನ್ನು ಇಮ್ಮಡಿ ಮಾಡುತ್ತದೆ.

ಕೆಕಾನ್ಫಿಗ್‌ನಲ್ಲಿ ಆಯ್ಕೆ ಬರೆಯುವುದು

ಡ್ರೈವರ್ ಇರುವ ಡೈರೆಕ್ಟರಿಯಲ್ಲಿ ಆಯ್ಕೆಗಳನ್ನು ಪಟ್ಟಿ ಮಾಡುವ ಕೆಕಾನ್ಫಿಗ್ ಕಡತದಲ್ಲಿ, ಡ್ರೈವರ್‌ನ ನಮೂದಿನ ಕೆಳಗೇ ಹೊಸ ನಮೂದು ಬರಲಿ. ಬಗೆ ‘ಬೂಲ್’ (ವೈ ಅಥವಾ ಎನ್, ಅಂದರೆ ಹೌದು ಅಥವಾ ಇಲ್ಲ) ಇರಲಿ, ‘ಟ್ರೈಸ್ಟೇಟ್’ (ಜೊತೆಗೆ ಮಾಡ್ಯೂಲ್ ಎನ್ನುವ ‘ಎಂ’) ಬೇಡ. ಈಕ್ವಲೈಸರ್ ಬೇರೆ ಮಾಡ್ಯೂಲ್ ಅಲ್ಲ, ಅದೇ ಮಾಡ್ಯೂಲ್‌ನ ಅಂಗ. ‘ಡಿಪೆಂಡ್ಸ್ ಆನ್’ ಸಾಲಿನಲ್ಲಿ ಮೂಲ ಡ್ರೈವರ್‌ನ ಹೆಸರು ಹಾಕಿ. ಸಾಮಾನ್ಯ ಬಳಕೆದಾರರಿಗೆ ಈ ಪ್ರಶ್ನೆ ಎದುರಾಗುವುದು ಬೇಡವಾದರೆ ಪ್ರಶ್ನೆಯ ಸಾಲಿನ ಕೊನೆಗೆ ‘ಇಫ್ ಎಕ್ಸ್‌ಪರ್ಟ್’ ಸೇರಿಸಿ.

‘ಡೀಫಾಲ್ಟ್’ ವಿಷಯದಲ್ಲಿ ಕರ್ನಲ್ ದಾಖಲೆಯ ನಿಯಮ ಸ್ಪಷ್ಟವಾಗಿದೆ. ಹೊಸ ಸೌಲಭ್ಯಕ್ಕೆ ಸಾಮಾನ್ಯವಾಗಿ ಡೀಫಾಲ್ಟ್ ಇರಬಾರದು, ಆದರೆ ಇದುವರೆಗೆ ಯಾವಾಗಲೂ ಸೇರುತ್ತಿದ್ದ ಕೋಡ್‌ಗೆ ಹೊಸದಾಗಿ ಆಯ್ಕೆ ಇಡುವಾಗ ‘ಡೀಫಾಲ್ಟ್ ವೈ’ ಇರಬೇಕು. ಕಾರಣ ಸರಳ. ಹಳೆಯ ಕಾನ್ಫಿಗ್ ಕಡತ ಇಟ್ಟುಕೊಂಡು ಹೊಸ ಕರ್ನಲ್ ಕಟ್ಟುವವರ ಕಣದ ಪೆಟ್ಟಿಗೆ ಮರುದಿನವೂ ಹಿಂದಿನಂತೆಯೇ ಮಾತನಾಡಬೇಕು. ಕೇಳದವರ ಪಾಲಿನ ಸೌಲಭ್ಯವನ್ನು ಕಸಿಯುವ ಹಕ್ಕು ನಮಗಿಲ್ಲ.

ನಿಮ್ಮ ಸೌಲಭ್ಯವನ್ನು ಬೇರೆ ಕೋಡ್ ಅವಲಂಬಿಸಿದ್ದರೆ ‘ಸೆಲೆಕ್ಟ್’ ಬಳಸುವ ಆಸೆಯಾಗುತ್ತದೆ. ಸೆಲೆಕ್ಟ್ ತಾನು ಎಳೆದು ತರುವ ಆಯ್ಕೆಯ ಅವಲಂಬನೆಗಳನ್ನು ಪರೀಕ್ಷಿಸುವುದಿಲ್ಲ. ಮೆನುವಿನಲ್ಲಿ ಕಾಣದ, ಯಾವ ಅವಲಂಬನೆಯೂ ಇಲ್ಲದ ಆಯ್ಕೆಗಳಿಗಷ್ಟೇ ಅದನ್ನು ಮೀಸಲಿಡಿ, ಉಳಿದೆಡೆ ಡಿಪೆಂಡ್ಸ್ ಸಾಕು.

ಸಹಾಯ ಪಠ್ಯಕ್ಕೆ ಸಮಯ ಕೊಡಿ. ಆಫ್ ಮಾಡಿದರೆ ಏನು ನಿಲ್ಲುತ್ತದೆ, ಎಷ್ಟು ಉಳಿಯುತ್ತದೆ, ಯಾವ ಬಗೆಯ ಪ್ರೊಸೆಸರ್ ಇರುವ ಯಂತ್ರದಲ್ಲಿ ಅಳೆದದ್ದು, ಅನುಮಾನವಿದ್ದರೆ ಏನು ಒತ್ತಬೇಕು: ಈ ನಾಲ್ಕೂ ಅದರಲ್ಲಿರಲಿ. ಪಿಸಿಎಂ ಟೈಮರ್‌ನ ಪಠ್ಯ ಡಿಮಿಕ್ಸ್ ಕೆಡಬಹುದೆಂದು ಹೆಸರು ಹಿಡಿದು ಎಚ್ಚರಿಸುವುದರಿಂದಲೇ ಎಷ್ಟೋ ಜನರ ತಲೆನೋವು ತಪ್ಪಿದೆ.

ಮೇಕ್‌ಫೈಲ್, ಹೆಡರ್, ಖಾಲಿ ಫಂಕ್ಷನ್

ಈಕ್ವಲೈಸರ್‌ನ ಕೋಡ್ ಮತ್ತು ಕೋಷ್ಟಕಗಳನ್ನು ಬೇರೆ ಸಿ ಕಡತಕ್ಕೆ ಸಾಗಿಸಿ. ಮೇಕ್‌ಫೈಲ್‌ನಲ್ಲಿ ಮಾಡ್ಯೂಲ್‌ನ ಹೆಸರಿಗೆ ಅಡ್ಡಗೆರೆ, ಅದರ ಮುಂದೆ ಡಾಲರ್ ಚಿಹ್ನೆಯ ಆವರಣದಲ್ಲಿ ನಿಮ್ಮ ಆಯ್ಕೆಯ ಹೆಸರು, ನಂತರ ಕೂಡುಗೆ-ಸಮ ಚಿಹ್ನೆ, ಹೊಸ ಆಬ್ಜೆಕ್ಟ್ ಕಡತ. ಆಯ್ಕೆ ‘ವೈ’ ಆದರೆ ಕಡತ ಮಾಡ್ಯೂಲ್‌ಗೆ ಸೇರುತ್ತದೆ, ಇಲ್ಲವಾದರೆ ಕಂಪೈಲರ್ ಅದನ್ನು ಮುಟ್ಟುವುದೇ ಇಲ್ಲ. ಆಲ್ಸಾದ ಪಿಸಿಎಂ ಟೈಮರ್ ಕಡತ ಆಯ್ಕೆಯಾದದ್ದೂ ಹೀಗೆಯೇ.

ಮುಖ್ಯ ಕಡತ ಮಾತ್ರ ಈಕ್ವಲೈಸರ್‌ನ ಆರಂಭದ ಫಂಕ್ಷನ್ ಅನ್ನು ಕರೆಯುತ್ತಲೇ ಇರುತ್ತದೆ. ಅಲ್ಲಲ್ಲಿ ‘ಇಫ್‌ಡೆಫ್’ ಚುಚ್ಚಿದರೆ ಕೋಡ್ ಓದಲಾಗದಂತಾಗುತ್ತದೆ. ಕರ್ನಲ್‌ನ ಶೈಲಿ ದಾಖಲೆಯೂ ಸಿ ಕಡತಗಳಲ್ಲಿ ಅದನ್ನು ಬೇಡವೆನ್ನುತ್ತದೆ. ಹೆಡರ್‌ನಲ್ಲಿ ಒಂದೇ ಕಡೆ ಶರತ್ತು ಇಡಿ: ಆಯ್ಕೆ ಇದ್ದರೆ ನಿಜವಾದ ಘೋಷಣೆ, ಇಲ್ಲದಿದ್ದರೆ ಅದೇ ಹೆಸರಿನ ‘ಸ್ಟ್ಯಾಟಿಕ್ ಇನ್‌ಲೈನ್’ ಖಾಲಿ ಫಂಕ್ಷನ್. ಕಂಪೈಲರ್ ಖಾಲಿ ಕರೆಯನ್ನು ಪೂರ್ತಿ ಅಳಿಸುತ್ತದೆ.

ಖಾಲಿ ಫಂಕ್ಷನ್ ಏನನ್ನು ಹಿಂದಿರುಗಿಸಬೇಕು? ಇಲ್ಲಿ ನಿಧಾನಿಸಿ. ಸೌಲಭ್ಯ ಇಲ್ಲ ಎಂದು ಸೂಚಿಸಲು ‘ಇ-ನೋಡೆವ್’ ದೋಷ ಸಂಖ್ಯೆ ಕೊಡೋಣ ಎನಿಸುತ್ತದೆ. ಸಾಧನವನ್ನು ಸಜ್ಜುಗೊಳಿಸುವ ಡ್ರೈವರ್‌ನ ಪ್ರೋಬ್ ಫಂಕ್ಷನ್ ಆ ಮೌಲ್ಯವನ್ನು ದೋಷವೆಂದು ತಿಳಿದು ಹಾಗೆಯೇ ಮೇಲಕ್ಕೆ ದಾಟಿಸಿದರೆ, ಕರ್ನಲ್‌ನ ಡ್ರೈವರ್ ಕೋರ್ ಅದನ್ನು ‘ಈ ಸಾಧನ ನನ್ನದಲ್ಲ’ ಎಂಬ ಮಾತಾಗಿ ತೆಗೆದುಕೊಳ್ಳುತ್ತದೆ. ಸಾಮಾನ್ಯ ಲಾಗ್‌ನಲ್ಲಿ ಕೋರ್ ಒಂದು ಸಾಲನ್ನೂ ಬರೆಯುವುದಿಲ್ಲ. ಸೌಂಡ್ ಕಾರ್ಡ್ ಇಲ್ಲ, ಏಕಿಲ್ಲ ಎಂಬ ಸುಳಿವೂ ಇಲ್ಲ. ಆರಂಭದ ಫಂಕ್ಷನ್ ಐಚ್ಛಿಕ ಕೆಲಸಕ್ಕೆ ಸೇರಿದ್ದರೆ ಖಾಲಿ ರೂಪ ಸೊನ್ನೆಯನ್ನೇ ಕೊಡಲಿ. ಬಳಕೆದಾರ ನೇರವಾಗಿ ಕೇಳಿದ ಕೆಲಸ ಆಗದಿದ್ದಾಗ ಮಾತ್ರ ದೋಷ ಸಂಖ್ಯೆ ಸರಿ.

ಚಿಪ್‌ನ ಕಡೆಗೂ ನೋಡಿ. ಸಾಫ್ಟ್‌ವೇರ್‌ನಲ್ಲಿ ಈಕ್ವಲೈಸರ್ ಆಫ್ ಮಾಡಿದ ಮಾತ್ರಕ್ಕೆ ಚಿಪ್‌ನಲ್ಲಿ ಅದು ಆಫ್ ಆಗುವುದಿಲ್ಲ. ರೀಸೆಟ್ ಆದಾಗ ಈಕ್ವಲೈಸರ್ ದಾರಿ ತೆರೆದೇ ಇರುವ ಚಿಪ್ ಆದರೆ, ಧ್ವನಿ ಅದರೊಳಗೆ ಹಾಯದೆ ಸುತ್ತಿ ಹೋಗುವಂತೆ ರಿಜಿಸ್ಟರ್ ಬರೆಯುವ ಕೆಲಸ ಮುಖ್ಯ ಕಡತದಲ್ಲಿ, ಆಯ್ಕೆಯ ಹೊರಗೆ, ಯಾವಾಗಲೂ ನಡೆಯಬೇಕು. ಚಿಪ್‌ನೊಳಗಿನ ಧ್ವನಿಯ ದಾರಿಗಳನ್ನು ದಾಖಲಿಸುವ ಡಿಎಪಿಎಂ ನಕ್ಷೆಯಲ್ಲೂ ಇದೇ ಎಚ್ಚರ ಬೇಕು. ಧ್ವನಿಯ ದಾರಿ ಈಕ್ವಲೈಸರ್ ವಿಜೆಟ್ (ನಕ್ಷೆಯ ಒಂದು ಘಟಕ) ಮೂಲಕ ಹಾದು ಹೋಗುತ್ತಿದ್ದರೆ, ವಿಜೆಟ್ ತೆಗೆದಾಗ ದಾರಿಯೇ ತುಂಡಾಗುತ್ತದೆ. ರೂಟ್ ಸೇರಿಸಲಾಗಲಿಲ್ಲ ಎಂಬ ದೂರು ಲಾಗ್‌ಗೆ ಬರುತ್ತದೆ. ಆಯ್ಕೆ ಇಲ್ಲದಾಗ ಡಿಎಸಿಯಿಂದ (ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ ಭಾಗ) ಔಟ್‌ಪುಟ್‌ಗೆ ನೇರ ರೂಟ್ ಕೊಡುವ ಬೇರೆ ಪಟ್ಟಿ ಬರೆದಿಡಿ.

ಸ್ಟ್ರಕ್ಟ್‌ಗಳಲ್ಲಿ ಈಕ್ವಲೈಸರ್‌ಗಾಗಿಯೇ ಇರುವ ಸದಸ್ಯರನ್ನೂ ಶರತ್ತಿನೊಳಗೆ ತನ್ನಿ. ಆಲ್ಸಾದ ಪಿಸಿಎಂ ಸಬ್‌ಸ್ಟ್ರೀಮ್ ಸ್ಟ್ರಕ್ಟ್‌ನಲ್ಲಿ ಓಎಸ್‌ಎಸ್ ಭಾಗ ಹೀಗೆಯೇ ಶರತ್ತಿಗೆ ಒಳಪಟ್ಟಿದೆ. ಶರತ್ತು ಬರೆಯಲು ‘ಇಸ್ ಎನೇಬಲ್ಡ್’ ಮ್ಯಾಕ್ರೊ ಬಳಸಿ. ಬರೀ ಇಫ್‌ಡೆಫ್ ಬಳಸಿದರೆ ಟ್ರೈಸ್ಟೇಟ್ ಆಯ್ಕೆ ‘ಎಂ’ ಆಗಿದ್ದಾಗ ಅದು ಸುಳ್ಳಾಗುತ್ತದೆ, ಏಕೆಂದರೆ ಆಗ ಹುಟ್ಟುವುದು ಕೊನೆಯಲ್ಲಿ ‘ಮಾಡ್ಯೂಲ್’ ಸೇರಿದ ಬೇರೆ ಹೆಸರು. ನಿಮ್ಮ ಆಯ್ಕೆ ಬೂಲ್ ಆದರೂ ಇದೇ ರೂಢಿಯಾಗಲಿ.

ಎಲ್ಲ ಜೋಡಣೆಗಳಲ್ಲೂ ಕಟ್ಟಿ ನೋಡುವುದು

ಡ್ರೈವರ್ ವೈ ಮತ್ತು ಎಂ, ಆಯ್ಕೆ ವೈ ಮತ್ತು ಎನ್: ಕನಿಷ್ಠ ಈ ನಾಲ್ಕು ಜೋಡಣೆ ಕಟ್ಟಿ. ಕರ್ನಲ್‌ನ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ‘ಕಾನ್ಫಿಗ್’ ಎಂಬ ಸ್ಕ್ರಿಪ್ಟ್‌ನಿಂದ ಆಯ್ಕೆ ಬದಲಿಸಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ, ಆಮೇಲೆ ಕಾನ್ಫಿಗ್ ಕಡತವನ್ನು ಮತ್ತೆ ತೆರೆದು ನಿಮ್ಮ ಬದಲಾವಣೆ ಉಳಿದಿದೆಯೇ ನೋಡಿ. ಎಲ್ಲಿಂದಲೋ ಒಂದು ಸೆಲೆಕ್ಟ್ ಅದನ್ನು ಮರಳಿ ಎಳೆದು ತಂದಿರಬಹುದು. ಎಕ್ಸ್‌ಪರ್ಟ್ ಇಲ್ಲದ ಕಾನ್ಫಿಗ್‌ನಲ್ಲಿ ‘ಇಫ್ ಎಕ್ಸ್‌ಪರ್ಟ್’ ಆಯ್ಕೆ ತಾನಾಗಿಯೇ ವೈಗೆ ಮರಳುತ್ತದೆ.

ಎಚ್ಚರಿಕೆಗಳನ್ನು ಹೆಚ್ಚಿಸುವ ‘ಡಬ್ಲ್ಯೂ ಸಮ 1’ ಜೊತೆ ಕಂಪೈಲ್ ಮಾಡಿದರೆ ಆಯ್ಕೆ ಎನ್ ಆದಾಗ ಅನಾಥವಾಗುವ ಫಂಕ್ಷನ್, ಕೋಷ್ಟಕಗಳು ಬೆಳಕಿಗೆ ಬರುತ್ತವೆ. ಅವುಗಳ ಬಾಯಿ ಮುಚ್ಚಿಸಬೇಡಿ. ಗೆರೆ ಎಳೆದದ್ದು ಒಂದಿಷ್ಟು ಆಚೀಚೆ ಆಗಿದೆ ಎಂಬುದಕ್ಕೆ ಅವೇ ಸಾಕ್ಷಿ, ಅವೂ ಹೊಸ ಕಡತಕ್ಕೆ ಹೋಗಬೇಕಾದವು.

ಮರಳಿ ಅಳತೆ

ಮ್ಯಾಟ್ ಮ್ಯಾಕಾಲ್ ಬರೆದ ‘ಬ್ಲೋಟ್-ಓ-ಮೀಟರ್’ ಸ್ಕ್ರಿಪ್ಟ್ ಕರ್ನಲ್ ಜೊತೆಗೇ ಬರುತ್ತದೆ. ಹಳೆಯ ಮತ್ತು ಹೊಸ ಮಾಡ್ಯೂಲ್ ಎರಡನ್ನೂ ಕೊಟ್ಟರೆ ಯಾವ ಫಂಕ್ಷನ್ ಹೋಯಿತು, ಯಾವುದು ಬೆಳೆಯಿತು, ಒಟ್ಟು ಎಷ್ಟು ಬೈಟ್ ಬದಲಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಬೆಳೆದವುಗಳ ಕಡೆ ಹೆಚ್ಚು ಗಮನ ಕೊಡಿ. ಹೊಸ ಶರತ್ತು ಮುಖ್ಯ ದಾರಿಯನ್ನು ಉಬ್ಬಿಸಿದ್ದರೆ ಅಲ್ಲಿ ಕಾಣುತ್ತದೆ.

ಮಾಡ್ಯೂಲ್‌ಗಳಿಗೆ ಮೆಮೊರಿ ಸಿಗುವುದು ಸಾಮಾನ್ಯವಾಗಿ 4,096 ಬೈಟ್‌ಗಳ ಪುಟಗಳ ಲೆಕ್ಕದಲ್ಲಿ. ಟೆಕ್ಸ್ಟ್ ಭಾಗ 9,000 ಬೈಟ್‌ನಿಂದ 8,500ಕ್ಕೆ ಇಳಿದರೆ ಮೊದಲೂ ಮೂರು ಪುಟ, ಈಗಲೂ ಮೂರು ಪುಟ, ಯಂತ್ರಕ್ಕೆ ಸಿಕ್ಕಿದ್ದು ಏನೂ ಇಲ್ಲ. 8,100ಕ್ಕೆ ಇಳಿದರೆ ಎರಡು ಪುಟ, ಪೂರ್ತಿ ಒಂದು ಪುಟ ಉಳಿಯಿತು. ಸಾಧನ ಬದಲಾಗದು, ಡ್ರೈವರ್ ಸದಾ ಬೇಕು ಎಂದಾದರೆ ಅದನ್ನು ಕರ್ನಲ್ ಒಳಗೇ ಬೆಸೆಯುವುದು ಮೇಲು, ಪುಟದ ಅಂಚಿನಲ್ಲಿ ಹೀಗೆ ವ್ಯರ್ಥವಾಗುವುದು ಕಡಿಮೆ.

ಲೆಕ್ಕವನ್ನು ಇದ್ದದ್ದು ಇದ್ದಂತೆ ನೋಡೋಣ. 64 ಎಂಬಿಯಲ್ಲಿ 20 ಕೆಬಿ ಎಂದರೆ ಸಾವಿರದ ಒಂದು ಪಾಲೂ ಅಲ್ಲ. ಎರಡೂ ಬಫರ್‌ಗಳನ್ನು 64 ಕೆಬಿಗೆ ಇಳಿಸಿದ್ದರಿಂದ ಬಂದ 896 ಕೆಬಿ ಅದರ ನಲವತ್ತು ಪಟ್ಟಿಗೂ ಹೆಚ್ಚು. ಹಾಗಾದರೆ ಕೋಡ್‌ನ ಆಯ್ಕೆ ವ್ಯರ್ಥವೇ? ಅಲ್ಲ. ಬಫರ್ ಇಳಿಸುವುದು ಒಂದೇ ಬಾರಿ ಸಿಗುವ ಲಾಭ. ಕೋಡ್‌ನ ಉಳಿತಾಯ ಆಡಿಯೊದಿಂದ ಯುಎಸ್‌ಬಿಗೆ, ನೆಟ್‌ವರ್ಕ್‌ಗೆ, ಕಡತ ವ್ಯವಸ್ಥೆಗೆ ಹೀಗೆ ಕೂಡುತ್ತ ಹೋಗುತ್ತದೆ, ಅದೇ ಚಿಪ್ ಬಳಸುವ ಪ್ರತಿಯೊಬ್ಬರಿಗೂ ಸಿಗುತ್ತದೆ.

ಬೋರ್ಡ್ ಮೇಲೆ ಪರೀಕ್ಷೆ

‘ಪ್ಲಗ್‌ಎಚ್‌ಡಬ್ಲ್ಯೂ’ ಸಾಧನದ ಮೂಲಕ ಎಪ್ಲೇಯಿಂದ ಒಂದು ಪ್ರಕಟಣೆ ನುಡಿಸಿ, ಮಧ್ಯದಲ್ಲಿ ಮೋಡೆಮ್‌ಗೆ ಕೆಲಸ ಕೊಟ್ಟು ಧ್ವನಿ ತುಂಡಾಗುತ್ತದೆಯೇ ಕೇಳಿ. 64 ಕೆಬಿ ಬಫರ್ ಸಾಲದಿದ್ದರೆ ಎಪ್ಲೇ ‘ಅಂಡರ್‌ರನ್’ ಎಂದು ದೂರುತ್ತದೆ, ಆಗ 128ಕ್ಕೆ ಏರಿಸಿ. ನಂತರ ಮರುಬೂಟ್ ಮಾಡಿ ‘ಆಲ್ಸಾಸಿಟಿಎಲ್’ ಹಳೆಯ ಮಿಕ್ಸರ್ ಸ್ಥಿತಿಯನ್ನು ಮರಳಿ ತರುವಾಗ ಏನು ಹೇಳುತ್ತದೆ ಓದಿ. ಈಕ್ವಲೈಸರ್ ಕಂಟ್ರೋಲ್‌ಗಳು ಈಗ ಇಲ್ಲವಾದ್ದರಿಂದ ಹಳೆಯ ಸ್ಥಿತಿಯ ಕಡತ ಅವನ್ನು ಹುಡುಕಿ ತಕರಾರು ತೆಗೆಯಬಹುದು. ಆ ಕಡತವನ್ನು ಹೊಸದಾಗಿ ಉಳಿಸಿ. ‘ಎಮಿಕ್ಸರ್’ನಿಂದ ಕಂಟ್ರೋಲ್ ಹೊಂದಿಸುವ ಸ್ಕ್ರಿಪ್ಟ್‌ಗಳಿದ್ದರೆ ಅವುಗಳಲ್ಲೂ ಆ ಹೆಸರುಗಳನ್ನು ಹುಡುಕಿ ತೆಗೆಯಿರಿ. ಕೊನೆಯ ಪರೀಕ್ಷೆ ಕಿವಿಯದು: ಜೋರು ಮಳೆಯಲ್ಲಿ, ಲೈನ್ ಮನೆಯ ಒಳಗೆ, ಬಾಗಿಲು ಹಾಕಿಕೊಂಡು.

ಪ್ಯಾಚ್ ಕಳುಹಿಸುವುದು

ಬದಲಾವಣೆಯನ್ನು ಲಿನಕ್ಸ್ ಕರ್ನಲ್‌ಗೆ ಸೇರಿಸಲು ಎರಡು ಪ್ಯಾಚ್ (ಬದಲಾದ ಸಾಲುಗಳ ಕಡತ) ಮಾಡಿ. ಮೊದಲನೆಯದರಲ್ಲಿ ಕೋಡ್ ಅನ್ನು ಹೊಸ ಕಡತಕ್ಕೆ ಸಾಗಿಸುವುದಷ್ಟೇ ಇರಲಿ, ನಡವಳಿಕೆ ಎಳ್ಳಷ್ಟೂ ಬದಲಾಗಬಾರದು. ಎರಡನೆಯದರಲ್ಲಿ ಆಯ್ಕೆ, ಖಾಲಿ ಫಂಕ್ಷನ್, ಸಹಾಯ ಪಠ್ಯ. ಸಾಗಣೆ ಮತ್ತು ಬದಲಾವಣೆ ಬೆರೆತರೆ ಪರಿಶೀಲಿಸುವವರಿಗೆ ಯಾವ ಸಾಲು ನಿಜವಾಗಿ ಬದಲಾಯಿತೆಂದು ತಿಳಿಯದು. ವಿವರಣೆಯಲ್ಲಿ ಬ್ಲೋಟ್-ಓ-ಮೀಟರ್‌ನ ಒಟ್ಟು ಸಾಲು, ಕಂಪೈಲರ್‌ನ ಆವೃತ್ತಿ, ಯಂತ್ರದ ಬಗೆ ಬರೆಯಿರಿ. ಯಾವ ಸಾಧನಕ್ಕಾಗಿ ಇದು ಬೇಕಾಯಿತು ಎಂಬುದನ್ನೂ ಒಂದೆರಡು ವಾಕ್ಯಗಳಲ್ಲಿ ಹೇಳಿ. ಶೈಲಿ ಪರಿಶೀಲಿಸುವ ‘ಚೆಕ್‌ಪ್ಯಾಚ್’ ಓಡಿಸಿ, ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ಸೂಚಿಸಿದವರೆಲ್ಲರಿಗೂ ಸರಳ ಪಠ್ಯದ ಇಮೇಲ್‌ನಲ್ಲಿ ಕಳುಹಿಸಿ, ನಿಮ್ಮ ಸಹಿಯ ಸಾಲು ಮರೆಯಬೇಡಿ. ಆಯ್ಕೆ ಏಕೆ ಬೇಕು ಎಂದು ನಿರ್ವಾಹಕರು ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ. ಅಳತೆಯ ಅಂಕಿಗಳನ್ನೂ ಎರಡು ಪೆಟ್ಟಿಗೆಗಳ ಬೇರೆ ಬೇರೆ ಅಗತ್ಯವನ್ನೂ ಮುಂದಿಡಿ. ತಿದ್ದಲು ಹೇಳಿದ್ದನ್ನು ತಿದ್ದಿ ಎರಡನೇ ಆವೃತ್ತಿ ಕಳುಹಿಸುವಾಗ, ಮೊದಲನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯಿರಿ; ಆ ಭಾಗ ಕರ್ನಲ್‌ನ ಇತಿಹಾಸಕ್ಕೆ ಸೇರುವುದಿಲ್ಲ, ಓದುವವರಿಗೆ ಮಾತ್ರ ನೆರವಾಗುತ್ತದೆ.